ಅಷ್ಟು ಓದ್ಕೊಂಡಿದ್ದ ಜರ್ಮನ್ ಜನ ಹಿಟ್ಲರ್‌ಗೆ ಹೇಗೆ ಸೈ ಅಂದ್ರು? ಬರೀ ಭಯಾನಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಸ್ವಲ್ಪ ದಿನದಿಂದ ಎರಡನೇ ಮಹಾಯುದ್ಧದ ಬಗ್ಗೆ ಓದ್ತಾ ಇದೀನಿ, ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ. ಸ್ಕೂಲಲ್ಲಿ ನಮಗೆ ಹೇಳ್ಕೊಟ್ಟಿದ್ದು ಇಷ್ಟೇ, ವರ್ಸೇಲ್ಸ್ ಒಪ್ಪಂದದಿಂದ ಅವಮಾನ ಆಯ್ತು, ಹಣದುಬ್ಬರ ಬಂತು, ಹಿಟ್ಲರ್ ಚೆನ್ನಾಗಿ ಭಾಷಣ ಮಾಡ್ತಿದ್ದ, ಜನ ಮರುಳಾದ್ರು ಅಂತ. ಆದ್ರೆ 1928ರ ಎಲೆಕ್ಷನ್‌ನಲ್ಲಿ ನಾಜಿ ಪಕ್ಷಕ್ಕೆ ಬಿದ್ದಿದ್ದು ನೂರಕ್ಕೆ ಮೂರು ವೋಟೂ ಇಲ್ಲ, ಬರೀ 2.6. ಅವಮಾನ ಆಗಿದ್ದು 1919ರಲ್ಲಿ, ಹಣದುಬ್ಬರ 1923ರಲ್ಲಿ, ಹಂಗಿದ್ಮೇಲೆ 1928ರಲ್ಲಿ ಯಾರೂ ಯಾಕೆ ಕ್ಯಾರೇ ಅನ್ಲಿಲ್ಲ? ಆಮೇಲೆ ಇನ್ನೊಂದು, ಗೆಸ್ಟಾಪೋ, ಅಂದ್ರೆ ನಾಜಿಗಳ ಗುಪ್ತ ಪೊಲೀಸ್, ಬೀದಿಗೊಬ್ಬ ಗೂಢಚಾರ ಇರ್ತಿದ್ದ ಅಂದ್ಕೊಂಡಿದ್ದೆ, ಓದಿದ್ರೆ ಅವರ ಸಂಖ್ಯೆ ಬಹಳ ಕಮ್ಮಿ. ಆರೂವರೆ ಕೋಟಿ ಜನರನ್ನ ಅಷ್ಟು ಕಮ್ಮಿ ಜನ ಹಿಡಿತದಲ್ಲಿ ಇಟ್ಕೊಳ್ಳೋದು ಹೇಗೆ ಸಾಧ್ಯ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇ ಮೇಷ್ಟ್ರು:
ಒಳ್ಳೆ ಪ್ರಶ್ನೆ. ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡಿದೋನು, ಈ ಒಂದು ಅಧ್ಯಾಯ ಮುಗಿಸೋಕೆ ನನಗೆ ಯಾವತ್ತೂ ಟೈಮ್ ಸಾಕಾಗ್ತಿರಲಿಲ್ಲ.

ನೀವು ಹೇಳಿದ 2.6 ಸರಿಯಾಗೇ ಇದೆ. ನಡುವೆ ಬಂದಿದ್ದು 1929ರ ಆರ್ಥಿಕ ಕುಸಿತ. 1930ರಲ್ಲಿ 18.3 ಆಯ್ತು, 1932ರ ಜುಲೈನಲ್ಲಿ 37.3. ಆದ್ರೆ ಅಲ್ಲಿಗೆ ನಿಲ್ತು ನೋಡಿ, ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಎಲೆಕ್ಷನ್ ಆದಾಗ 33.1ಕ್ಕೆ ಇಳೀತು. ಅಂದ್ರೆ ಪೂರ್ತಿ ಮುಕ್ತವಾದ ಯಾವ ಎಲೆಕ್ಷನ್‌ನಲ್ಲೂ ಅವರಿಗೆ ಬಹುಮತ ಸಿಗಲಿಲ್ಲ. ಗ್ರಾಫು ಇಳೀತಾ ಇದ್ದಾಗ ಹಿಟ್ಲರ್‌ನನ್ನ ಕುರ್ಚಿ ಮೇಲೆ ಕೂರಿಸಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್ ಮತ್ತೆ ಅವನ ಸುತ್ತ ಇದ್ದ, ಮಾಜಿ ಚಾನ್ಸೆಲರ್ ಪಾಪೆನ್ ಥರದ ಜಮೀನ್ದಾರಿ, ಬಲಪಂಥೀಯ ಗುಂಪು. ಅವರ ಲೆಕ್ಕಾಚಾರ ಏನಪ್ಪಾ ಅಂದ್ರೆ ಈ ಮನುಷ್ಯನ ಹಿಂದೆ ಜನ ಇದಾರೆ, ನಮಗೆ ಜನ ಇಲ್ಲ, ಅವನನ್ನ ಮುಂದಿಟ್ಕೊಂಡು ನಾವು ಆಡಳಿತ ಮಾಡೋಣ, ಸಂಪುಟದಲ್ಲಿ ನಮ್ಮೋರೇ ಜಾಸ್ತಿ ಇದಾರಲ್ಲ ಅಂತ. 1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸೆಲರ್, ಅಂದ್ರೆ ಸರ್ಕಾರದ ಮುಖ್ಯಸ್ಥ, ಆದ.

ಆಮೇಲೆ ನಡೆದಿದ್ದರ ವೇಗ ನೋಡ್ಬೇಕು. ಫೆಬ್ರವರಿ 27ರ ರಾತ್ರಿ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು, ಮಾರನೇ ದಿನವೇ ಸುಗ್ರೀವಾಜ್ಞೆ ಹೊರಡಿಸಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರೋ ಹಕ್ಕು ಎಲ್ಲಾ ಅಮಾನತು. ತಾತ್ಕಾಲಿಕ ಅಂದ್ಕೊಂಡ್ರು, 1945ರವರೆಗೂ ಅದು ವಾಪಸ್ ಆಗ್ಲೇ ಇಲ್ಲ. ಮಾರ್ಚ್ 23ಕ್ಕೆ ಪಾರ್ಲಿಮೆಂಟೇ ತನ್ನ ಅಧಿಕಾರವನ್ನ ಸರ್ಕಾರಕ್ಕೆ ಬಿಟ್ಟುಕೊಡೋ ಕಾಯ್ದೆ ಪಾಸ್ ಮಾಡ್ತು, 444 ಪರ, 94 ವಿರುದ್ಧ. ಕಮ್ಯುನಿಸ್ಟ್ ಸದಸ್ಯರನ್ನ ಒಳಗೇ ಬಿಡಲಿಲ್ಲ, ಸಭಾಂಗಣದ ಒಳಗೆ ಸಮವಸ್ತ್ರ ಹಾಕ್ಕೊಂಡ ನಾಜಿ ಕಾರ್ಯಕರ್ತರು ಸಾಲಾಗಿ ನಿಂತಿದ್ರು. ಆ 94 ವೋಟು ಪೂರಾ ಸೋಷಿಯಲ್ ಡೆಮಾಕ್ರಟ್‌ರದ್ದು. ಅವರ ನಾಯಕ ಒಟ್ಟೋ ವೆಲ್ಸ್ ಎದ್ದು ನಿಂತು, ನಮ್ಮ ಸ್ವಾತಂತ್ರ್ಯ, ನಮ್ಮ ಪ್ರಾಣ ಕಿತ್ಕೋಬಹುದು, ನಮ್ಮ ಮಾನ ಕಿತ್ಕೊಳ್ಳೋಕಾಗಲ್ಲ ಅಂದ. ಪಾಠ ಮಾಡುವಾಗ ಈ ಜಾಗಕ್ಕೆ ಬಂದಾಗೆಲ್ಲ ನನಗೆ ಗಂಟಲು ಕಟ್ತಿತ್ತು. ಕ್ಯಾಥೊಲಿಕ್ಕರ ಪಕ್ಷ ಮಾತ್ರ ಚರ್ಚಿಗೆ ತೊಂದ್ರೆ ಕೊಡಲ್ಲ ಅನ್ನೋ ಭರವಸೆ ನಂಬ್ಕೊಂಡು ಪರವಾಗಿ ವೋಟ್ ಹಾಕ್ತು.

ಕಾರ್ಮಿಕ ಸಂಘಗಳ ಕಥೆ ಇನ್ನೂ ಕ್ರೂರ. ಮೇ 1ಕ್ಕೆ ಸಂಬಳ ಸಹಿತ ರಜೆ ಘೋಷಿಸಿ ದೊಡ್ಡ ಮೆರವಣಿಗೆ ಮಾಡ್ಸಿದ್ರು, ಎಷ್ಟೋ ವರ್ಷದಿಂದ ಕಾರ್ಮಿಕರು ಕೇಳ್ತಿದ್ದ ರಜೆ ಅದು. ಮೇ 2ರ ಬೆಳಗ್ಗೆ ಸಂಘಗಳ ಆಫೀಸಿಗೆ ನುಗ್ಗಿ ಬೀಗ ಹಾಕಿ, ಮುಖಂಡರನ್ನ ಒಳಗೆ ಹಾಕಿದ್ರು.

ನ್ಯೂರೆಂಬರ್ಗ್ ಕನ್ನಡತಿ:
ಮೇಷ್ಟ್ರೇ, ಚೆನ್ನಾಗಿ ಹೇಳಿದ್ರಿ. ನಾನು ನ್ಯೂರೆಂಬರ್ಗ್‌ನಲ್ಲೇ ಇರೋದು, ನಾಜಿಗಳ ಮಹಾ ಸಮಾವೇಶ ನಡೀತಿದ್ದ ಮೈದಾನ ಇಲ್ಲಿಂದ ಟ್ರಾಮ್‌ನಲ್ಲಿ ಹೋಗೋವಷ್ಟು ದೂರ. ಊರಿಂದ ಯಾರೇ ಬಂದ್ರೂ ಅಲ್ಲಿಗೆ ಕರ್ಕೊಂಡು ಹೋಗ್ತೀನಿ, ಎಲ್ಲರೂ ಆ ಕಲ್ಲಿನ ವೇದಿಕೆ ನೋಡಿ ಭಾಷಣದ ಬಗ್ಗೆನೇ ಮಾತಾಡ್ತಾರೆ. ನನಗನ್ಸೋದು ಜನರನ್ನ ಹಿಡಿದಿಟ್ಟಿದ್ದು ಆ ಮೈದಾನ ಅಲ್ಲ, ಅವರವರ ಮನೆ ಹೊಸಿಲು.

ರೇಡಿಯೋ ತಗೊಳ್ಳಿ. 1933ರಲ್ಲೇ ಸರ್ಕಾರ ಕಂಪನಿಗಳ ಕೈಲಿ ಒಂದು ಅಗ್ಗದ ಸೆಟ್ ಮಾಡ್ಸಿ 76 ಮಾರ್ಕ್‌ಗೆ ಮಾರಾಟಕ್ಕೆ ಬಿಡ್ತು, ಕಂತಿನಲ್ಲೂ ತಗೋಬಹುದಿತ್ತು. ಮಾಡೆಲ್ ನಂಬರ್ 301, ಅಂದ್ರೆ ಜನವರಿ 30, ಹಿಟ್ಲರ್ ಅಧಿಕಾರಕ್ಕೆ ಬಂದ ದಿನ. 1938ರಲ್ಲಿ ಇನ್ನೂ ಚಿಕ್ಕದು, 35 ಮಾರ್ಕ್‌ದು ಬಂತು. ಮೊದಲ ಸಲ ಮನೇಲಿ ರೇಡಿಯೋ! ಅದರಲ್ಲಿ ಬೆಳಗ್ಗಿಂದ ಸಂಜೆವರೆಗೂ ಭಾಷಣನೇ ಬರ್ತಿತ್ತು ಅನ್ಕೋಬೇಡಿ. ಜನರಿಗೆ ಬೇಜಾರು ಹಿಡಿಸಬೇಡಿ ಅಂತ ಪ್ರಚಾರ ಮಂತ್ರಿ ಗೊಬೆಲ್ಸ್ ರೇಡಿಯೋದವರಿಗೆ ಶುರುನಲ್ಲೇ ತಾಕೀತು ಮಾಡಿದ್ದ, ಹಾಗಾಗಿ ಬಹಳಷ್ಟು ಹೊತ್ತು ಸಂಗೀತ, ಮನರಂಜನೆ, ಅದರ ನಡುನಡುವೆ ಅವರಿಗೆ ಬೇಕಾದ ಸುದ್ದಿ.

ಮದುವೆ ಆಗೋರಿಗೆ 1000 ಮಾರ್ಕ್‌ವರೆಗೂ ಸಾಲ ಕೊಡ್ತಿದ್ರು. ಹೆಂಡತಿ ಕೆಲಸ ಬಿಡ್ಬೇಕು ಅನ್ನೋದು ಶುರುನಲ್ಲಿ ಇದ್ದ ಷರತ್ತು, ಒಂದೊಂದು ಮಗು ಹುಟ್ಟಿದಾಗ ಸಾಲದಲ್ಲಿ ಕಾಲು ಭಾಗ ಮನ್ನಾ. ಆ ಹೊಸ ದಂಪತಿಗಳ ಮನೇಲಿ ಮಂಚ, ಅಲಮಾರಿ ಎಲ್ಲಾ ಸರ್ಕಾರ ಸಾಲವಾಗಿ ಕೊಟ್ಟ ಖರೀದಿ ಚೀಟಿಯಿಂದ ಬಂದಿದ್ದು, ಅವರ ಹತ್ರ ಹೋಗಿ ಈ ಸರ್ಕಾರ ಕೆಟ್ಟದ್ದು ಅಂದ್ರೆ ಹೇಗೆ ಕೇಳ್ತಾರೆ? ಕಾರ್ಮಿಕರಿಗೆ ಅಗ್ಗದ ಪ್ರವಾಸ, ನಾಟಕದ ಟಿಕೆಟ್ಟು, ಕೆಲವರಿಗೆ ಹಡಗಿನಲ್ಲಿ ನಾರ್ವೆವರೆಗೂ. ಕಾರಿನ ಆಸೆಯೂ ತೋರ್ಸಿದ್ರು, ವಾರಕ್ಕೆ 5 ಮಾರ್ಕ್ ಕಟ್ಟಿ ಪುಸ್ತಕದಲ್ಲಿ ಸ್ಟ್ಯಾಂಪ್ ಅಂಟಿಸ್ಕೊಂಡು ಹೋದ್ರೆ ಫೋಕ್ಸ್‌ವ್ಯಾಗನ್ ನಿಮ್ದು ಅಂತ. ಮೂರು ಲಕ್ಷಕ್ಕೂ ಹೆಚ್ಚು ಜನ ಕಟ್ಟಿದ್ರು. ಯುದ್ಧ ಶುರುವಾಗಿ ಫ್ಯಾಕ್ಟರಿ ಮಿಲಿಟರಿ ಗಾಡಿ ಮಾಡೋಕೆ ಹೊರಳ್ತು, ಕಟ್ಟಿದ ಒಬ್ಬರಿಗೂ ಆ ಸರ್ಕಾರದಿಂದ ಕಾರು ಸಿಗಲಿಲ್ಲ.

ಕೊಡೋ ಕೈಯೇ ಲೆಕ್ಕಾನೂ ಇಡ್ತಿತ್ತು. ಚಳಿಗಾಲ ಬಂತಂದ್ರೆ ಬಡವರ ನೆರವಿಗೆ ಅಂತ ಪಕ್ಷದೋರು ಡಬ್ಬಿ ಹಿಡ್ಕೊಂಡು ಮನೆಮನೆಗೆ ಬರ್ತಿದ್ರು. ತಿಂಗಳಲ್ಲಿ ಒಂದು ಭಾನುವಾರ ಎಲ್ಲರೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಸಾದಾ ಅಡುಗೆ ಉಂಡು, ಉಳಿದ ದುಡ್ಡು ಚಂದಾ ಕೊಡ್ಬೇಕು. ಕೊಟ್ಟೋರ ಬಾಗಿಲಿಗೆ ಆ ತಿಂಗಳ ಚೀಟಿ ಅಂಟಿಸ್ತಿದ್ರು. ಈಗ ನೀವೇ ಯೋಚ್ನೆ ಮಾಡಿ, ಮೆಟ್ಟಿಲು ಹತ್ತಿಕೊಂಡು ಹೋಗ್ತಾ ಎಲ್ಲಾ ಬಾಗಿಲ ಮೇಲೂ ಚೀಟಿ ಇದೆ, ಒಂದು ಬಾಗಿಲ ಮೇಲೆ ಇಲ್ಲ. ಯಾರೂ ಏನೂ ಹೇಳ್ಬೇಕಾಗಿಲ್ಲ. ನಲವತ್ತು-ಅರವತ್ತು ಮನೆಗೆ ಒಬ್ಬ ಪಕ್ಷದ ಮೇಲ್ವಿಚಾರಕ ಇರ್ತಿದ್ದ, ಚಂದಾ ಎತ್ತೋನೂ ಅವನೇ, ಹಬ್ಬದ ದಿನ ಬಾವುಟ ಯಾರು ಕಟ್ಟಿಲ್ಲ ಅಂತ ನೋಡೋನೂ ಅವನೇ. ಆ ಚಂದಾ ಸುಳ್ಳೂ ಅಲ್ಲ, ನಿಜವಾಗ್ಲೂ ಎಷ್ಟೋ ಬಡವರಿಗೆ ಕಲ್ಲಿದ್ದಲು, ಬಟ್ಟೆ ಸಿಕ್ತು. ಆದ್ರೆ ಯೆಹೂದಿ ಬಡವರಿಗೆ 1935ರಿಂದ ಅದನ್ನ ನಿಲ್ಲಿಸಿದ್ರು.

ಗಣಿನಾಡು:
ಕ್ಷಮಿಸಿ ಅಕ್ಕ, ನೀವು ಹೇಳೋದು ಕೇಳಿದ್ರೆ ಜನ ರೇಡಿಯೋಗೂ ಮಂಚಕ್ಕೂ ಮಾರಾಟ ಆದ್ರು ಅನ್ನೋ ಹಾಗಿದೆ, ನಾನು ಒಪ್ಪಲ್ಲ. ಮೊದಲು ಬಂದಿದ್ದು ದೊಣ್ಣೆ, ಆಮೇಲೆ ಬಂದಿದ್ದು ರೇಡಿಯೋ. 1932ರ ನವೆಂಬರ್‌ನಲ್ಲಿ ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಟರು ಸೇರಿಸಿದ್ರೆ ನಾಜಿಗಳಿಗಿಂತ ಜಾಸ್ತಿ ವೋಟ್ ಇತ್ತು. ಅಷ್ಟು ಜನ ಒಂದು ವರ್ಷದಲ್ಲಿ ಎಲ್ಲಿ ಹೋದ್ರು? 1933ರಲ್ಲಿ ಬಂಧನಕ್ಕೊಳಗಾದೋರು ಲಕ್ಷಕ್ಕೂ ಹೆಚ್ಚು. ಬಿಯರ್ ಗೋದಾಮು, ಖಾಲಿ ಫ್ಯಾಕ್ಟರಿ, ಪಕ್ಷದ ಆಫೀಸಿನ ನೆಲಮಾಳಿಗೆ, ಎಲ್ಲಿ ಜಾಗ ಸಿಕ್ತೋ ಅಲ್ಲಿ ಕೂಡಿಹಾಕಿ ಹೊಡೆದ್ರು. ಡಖಾವ್ ಸೆರೆ ಶಿಬಿರ ತೆರೆದಾಗ ಅದನ್ನ ಮುಚ್ಚಿಡಲಿಲ್ಲ, ಆಗ ಮ್ಯೂನಿಕ್ ಪೊಲೀಸ್ ಮುಖ್ಯಸ್ಥನಾಗಿದ್ದ ಹಿಮ್ಲರ್ ಪತ್ರಿಕೆಯವರನ್ನ ಕರೆದು ಹೇಳಿದ, 5000 ಜನರಿಗೆ ಜಾಗ ಇದೆ ಅಂತ ಪೇಪರ್‌ನಲ್ಲೇ ಬಂತು. ಜನರಿಗೆ ಗೊತ್ತಾಗ್ಲಿ ಅಂತಾನೇ ಹಾಕ್ಸಿದ್ದು. ಹೀಗೆ ಎಲ್ಲಾ ಬಾಯಿ ಮುಚ್ಚಿಸಿ ಆಮೇಲೆ ನೋಡಿ ಜನ ನಮ್ಮ ಜೊತೆ ಇದಾರೆ ಅಂದ್ರೆ ಅದನ್ನ ಬೆಂಬಲ ಅಂತ ಕರೆಯೋದು ಹೇಗೆ? 1933 ನವೆಂಬರ್‌ನಲ್ಲಿ ಒಂದೇ ಪಕ್ಷದ ಪಟ್ಟಿ ಇಟ್ಟು ಎಲೆಕ್ಷನ್ ಮಾಡಿ 92 ಪರ್ಸೆಂಟ್ ಬಂತು ಅಂದ್ರು. ನಮ್ಮ ಬಳ್ಳಾರಿ ಜೈಲಲ್ಲಿ ಎಮರ್ಜೆನ್ಸಿ ಕಾಲದಲ್ಲಿ ಒಳಗಿದ್ದೋರನ್ನ ನಾನು ನೋಡಿದೀನಿ, ಅದು ಇದಕ್ಕೆ ಹೋಲಿಕೆಯೇ ಅಲ್ಲ, ಆದ್ರೂ ಊರಲ್ಲಿ ಒಬ್ಬನನ್ನ ರಾತ್ರೋರಾತ್ರಿ ಎತ್ತಿಕೊಂಡು ಹೋದ್ರೆ ಮಿಕ್ಕೋರು ಹೇಗೆ ತಣ್ಣಗಾಗ್ತಾರೆ ಅಂತ ಗೊತ್ತು.

ಹಳೇ ಮೇಷ್ಟ್ರು:
ಗಣಿನಾಡು ಅವರೇ, ನಿಮ್ಮ ಮಾತಿನಲ್ಲಿ ತೂಕ ಇದೆ, ದೊಣ್ಣೆ ಮೊದಲು ಬಂತು ಅನ್ನೋದು ನಿಜ. ಆದ್ರೆ ಆ ದೊಣ್ಣೆ ಎಲ್ಲರ ಮೇಲೂ ಬೀಳಲಿಲ್ಲ, ಅದನ್ನ ಮರೀಬಾರ್ದು. ಬಿದ್ದಿದ್ದು ಎಡಪಂಥೀಯರ ಮೇಲೆ, ಯೆಹೂದಿಗಳ ಮೇಲೆ, ಆಮೇಲೆ ಜಿಪ್ಸಿಗಳು, ಸಲಿಂಗಿಗಳು, ಮನೆಮಠ ಇಲ್ಲದೋರು. ಅಂಗಡಿ ಇಟ್ಕೊಂಡಿರೋ ಸಾಮಾನ್ಯ ಜರ್ಮನ್ನನಿಗೆ ಅದು ತನ್ನ ಮೇಲೆ ಬೀಳುತ್ತೆ ಅನ್ನಿಸ್ಲೇ ಇಲ್ಲ, ಬದಲಿಗೆ ಬೀದಿಯಲ್ಲಿ ಶಾಂತಿ ಬಂತು ಅನ್ನಿಸ್ತು. ಗಾಳಿ ಬಂದಾಗ ತೂರ್ಕೊಂಡೋರ ಸಂಖ್ಯೆನೂ ನೋಡಿ, 1933ರ ಮಾರ್ಚ್ ಎಲೆಕ್ಷನ್ ಆದ್ಮೇಲೆ ಮೇಷ್ಟ್ರುಗಳು, ಗುಮಾಸ್ತರು, ಅಧಿಕಾರಿಗಳು ಸದಸ್ಯತ್ವಕ್ಕೆ ಮುಗಿಬಿದ್ದು, ಮೇ ತಿಂಗಳಲ್ಲಿ ಪಕ್ಷವೇ ಸಾಕಪ್ಪಾ ಅಂತ ಬಾಗಿಲು ಹಾಕ್ತು. ಅವರ ತಲೆಗೆ ಯಾರೂ ಬಂದೂಕು ಇಟ್ಟಿರಲಿಲ್ಲ. ನನ್ನದೇ ವೃತ್ತಿಯೋರು ಅದರಲ್ಲಿ ಅಷ್ಟೊಂದು ಜನ ಇದ್ರು ಅನ್ನೋದು ನನಗೆ ಇವತ್ತಿಗೂ ನೋವು.

ಗೆಸ್ಟಾಪೋ ಬಗ್ಗೆ ಕೇಳಿದ್ರಲ್ಲ. ಇಡೀ ನಾಜಿ ಸಾಮ್ರಾಜ್ಯಕ್ಕೆ, ಗುಮಾಸ್ತರನ್ನೂ ಸೇರಿಸಿ, ಜಾಸ್ತಿ ಅಂದ್ರೆ ಮೂವತ್ತು ಸಾವಿರ ಚಿಲ್ಲರೆ ಜನ, ಅದೂ ಯುದ್ಧದ ಕಾಲದಲ್ಲಿ. ವ್ಯೂರ್ಟ್ಸ್‌ಬರ್ಗ್ ಊರಿನ ಗೆಸ್ಟಾಪೋ ಫೈಲುಗಳು ಸುಟ್ಟು ಹೋಗದೆ ಉಳಿದುಕೊಂಡಿವೆ, ಅವನ್ನ ಕೂತು ಓದಿದ ಇತಿಹಾಸಕಾರರಲ್ಲಿ ರಾಬರ್ಟ್ ಗೆಲಟ್ಲಿ ಮುಖ್ಯ. ಅವರು ಕಂಡಿದ್ದು, ಎಷ್ಟೋ ಕೇಸುಗಳು ಪೊಲೀಸರು ಹುಡುಕಿಕೊಂಡು ಹೋಗಿದ್ದಲ್ಲ, ಜನರೇ ತಂದುಕೊಟ್ಟಿದ್ದು. ಯೆಹೂದಿ ಅಂಗಡಿಯಲ್ಲಿ ವ್ಯಾಪಾರ ಮಾಡ್ದ, ಹಿಟ್ಲರ್ ಮೇಲೆ ಜೋಕ್ ಹೇಳ್ದ, ಯೆಹೂದಿ ಹುಡುಗಿ ಜೊತೆ ಓಡಾಡ್ತಾನೆ. ಬರೆದೋರಿಗೆ ಸಿದ್ಧಾಂತ ಇತ್ತಾ ಅಂದ್ರೆ ಬಹಳ ಸಲ ಇಲ್ಲ. ಪಕ್ಕದ ಮನೆ ಜೊತೆ ಜಗಳ, ಅಂಗಡಿಯ ಪೈಪೋಟಿ, ಗಂಡನ ಕಾಟ ತಪ್ಪಿಸ್ಕೊಳ್ಳೋಕೆ ಹೆಂಡತಿ ಬರೆದ ದೂರು. ನಮ್ಮಲ್ಲಿ ಸರ್ಕಾರಿ ಆಫೀಸಿಗೆ ಮೂಗರ್ಜಿ ಹಾಕ್ತಾರಲ್ಲ, ಅದೇ ಥರದ ಸಣ್ಣತನ, ಆದ್ರೆ ಅಲ್ಲಿ ಆ ಕಾಗದದ ಕೊನೆಯಲ್ಲಿ ಶಿಬಿರ ಇತ್ತು. 1934ರ ಡಿಸೆಂಬರ್‌ನಲ್ಲಿ ಸರ್ಕಾರದ ವಿರುದ್ಧ ಕುಹಕದ ಮಾತಾಡೋದನ್ನೂ ಅಪರಾಧ ಮಾಡಿದ ಮೇಲೆ ಯಾರ ಮೇಲೆ ಬೇಕಾದ್ರೂ ಏನು ಬೇಕಾದ್ರೂ ಬರೀಬಹುದಿತ್ತು.

ಇನ್ನೊಂದು ಹೇಳ್ಬೇಕು. ಯುದ್ಧದ ಕಾಲದಲ್ಲಿ ಹ್ಯಾಂಬರ್ಗ್ ಬಂದರಿಗೆ ಯೆಹೂದಿಗಳ ಮನೆ ಸಾಮಾನು ಹಡಗಿನಲ್ಲಿ, ರೈಲಿನಲ್ಲಿ ಬರ್ತಿತ್ತು, ಹಾಲೆಂಡಿನ ಯೆಹೂದಿ ಮನೆಗಳಿಂದ ದೋಚಿದ್ದೂ ಸೇರಿ. ದಿನಾ ಹರಾಜು. ಕುರ್ಚಿ, ಹೊಲಿಗೆ ಮಷೀನು, ಹೊದಿಕೆ, ತುಪ್ಪಳದ ಕೋಟು. ಹ್ಯಾಂಬರ್ಗ್ ಮತ್ತೆ ಸುತ್ತಮುತ್ತಲಿನ ಕಮ್ಮಿ ಅಂದ್ರೂ ಒಂದು ಲಕ್ಷ ಜನ ಕೊಂಡ್ಕೊಂಡ್ರು ಅಂತ ಫ್ರಾಂಕ್ ಬಯೋರ್ ಅನ್ನೋ ಇತಿಹಾಸಕಾರ ಲೆಕ್ಕ ಹಾಕಿದಾರೆ. ಹಾಗೆ ಕೊಂಡೋರಲ್ಲಿ ಬಹಳ ಜನ ನಾಜಿ ಪಕ್ಷದೋರಲ್ಲ, ಮನೆಗೆ ಸಾಮಾನು ಬೇಕಿತ್ತು ಅಷ್ಟೇ. ಆದ್ರೆ ಬೇರೆಯವರ ಕೋಟು ಮೈಮೇಲೆ ಹಾಕ್ಕೊಂಡ ಮೇಲೆ ಅದರ ಒಡತಿ ಎಲ್ಲಿಗೆ ಹೋದ್ಲು ಅಂತ ಕೇಳೋ ಬಾಯಿ ಇರಲ್ಲ, ಮುಂದೆ ಈ ಸರ್ಕಾರ ಬಿದ್ರೆ ಲೆಕ್ಕ ಕೊಡ್ಬೇಕಾಗುತ್ತೆ ಅನ್ನೋ ಭಯಾನೂ ಸೇರ್ಕೊಳ್ಳುತ್ತೆ. ಸರ್ವಾಧಿಕಾರ ಜನರನ್ನ ಬರೀ ಹೆದರಿಸ್ಲಿಲ್ಲ, ಬರೀ ಮೆಚ್ಚಿಸ್ಲೂ ಇಲ್ಲ, ಪಾಲುದಾರರನ್ನ ಮಾಡ್ಕೊಳ್ತು ಅಂತ ನಾನು ಹೇಳೋದು ಇದಕ್ಕೇ.

ತುಂಗಾತೀರ:
ಮೇಷ್ಟ್ರೇ, ಅಕ್ಕ, ಗಣಿನಾಡು ಅವರೇ, ತುಂಬಾ ಥ್ಯಾಂಕ್ಸ್. ಹ್ಯಾಂಬರ್ಗ್ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ಕೊನೇದಾಗಿ ಒಂದು, ಜನ ಎದುರು ನಿಂತಾಗ ಈ ಸರ್ಕಾರ ಯಾವತ್ತಾದ್ರೂ ಹಿಂದೆ ಸರಿದಿದ್ದು ಇದೆಯಾ?

ನ್ಯೂರೆಂಬರ್ಗ್ ಕನ್ನಡತಿ:
ಇದೆ. ಬುದ್ಧಿಮಾಂದ್ಯರನ್ನ, ಮಾನಸಿಕ ರೋಗಿಗಳನ್ನ ಗ್ಯಾಸ್ ಹಾಕಿ ಸಾಯಿಸೋ ಗುಪ್ತ ಕಾರ್ಯಕ್ರಮ ನಡೀತಿತ್ತು, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನ ಕೊಂದಿದ್ರು. ಮನೆಯೋರಿಗೆ ಸುಳ್ಳು ಕಾರಣ ಬರೆದ ಕಾಗದ ಬರ್ತಿತ್ತು, ಊರೂರಲ್ಲಿ ಗುಸುಗುಸು ಎದ್ದಿತ್ತು. 1941ರ ಆಗಸ್ಟ್ 3ಕ್ಕೆ ಮ್ಯೂನ್‌ಸ್ಟರ್‌ನ ಬಿಷಪ್ ಗಾಲೆನ್ ಚರ್ಚಿನಲ್ಲಿ ನಿಂತು ಇದು ಕೊಲೆ ಅಂತ ಬಹಿರಂಗವಾಗಿ ಹೇಳಿದ್ರು, ಆ ಪ್ರವಚನದ ಪ್ರತಿಗಳು ಕೈಯಿಂದ ಕೈಗೆ ದೇಶದ ತುಂಬಾ ಹರಡಿದ್ವು. ಅದೇ ತಿಂಗಳು ಹಿಟ್ಲರ್ ಗ್ಯಾಸ್ ಹಾಕೋದನ್ನ ನಿಲ್ಲಿಸೋಕೆ ಹೇಳಿದ. ಆಮೇಲೆ ಆಸ್ಪತ್ರೆಗಳಲ್ಲಿ ಇಂಜೆಕ್ಷನ್ ಕೊಟ್ಟು, ಉಪವಾಸ ಕೆಡವಿ ಕೊಲ್ಲೋದು ಒಳಗೊಳಗೇ ಮುಂದುವರೀತು, ಅದನ್ನೂ ಹೇಳ್ಬೇಕು. ಬಿಷಪ್‌ರನ್ನ ಮಾತ್ರ ಮುಟ್ಟಲಿಲ್ಲ, ಮುಟ್ಟಿದ್ರೆ ಆ ಪ್ರಾಂತ್ಯದ ಜನ ಕೈಬಿಟ್ಟು ಹೋಗ್ತಾರೆ ಅನ್ನೋ ಹೆದರಿಕೆ ಸರ್ಕಾರಕ್ಕಿತ್ತು.

ಅವರೆಲ್ಲ ಜನರ ಸ್ವಂತ ಮಕ್ಕಳು, ಅಜ್ಜಿಯರು, ಅದಕ್ಕೇ ಅಷ್ಟು ಕೂಗು ಎದ್ದಿದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬರ್ಲಿನ್‌ನಿಂದ ಯೆಹೂದಿಗಳನ್ನ ತುಂಬಿದ ರೈಲುಗಳು ಹೊರಡೋಕೆ ಶುರುವಾದಾಗ ಯಾವ ಬಿಷಪ್ಪೂ ಹಾಗೆ ಗಟ್ಟಿಯಾಗಿ ಮಾತಾಡ್ಲಿಲ್ಲ. ಬರ್ಲಿನ್‌ನ ಸೇಂಟ್ ಹೆಡ್ವಿಗ್ ಚರ್ಚಿನ ಪಾದ್ರಿ ಬರ್ನ್‌ಹಾರ್ಡ್ ಲಿಖ್ಟೆನ್‌ಬರ್ಗ್ ಅನ್ನೋರು ಮಾತ್ರ 1938ರ ನವೆಂಬರ್‌ನಲ್ಲಿ ಯೆಹೂದಿ ಮಂದಿರಗಳನ್ನ ಸುಟ್ಟ ದಿನದಿಂದ ಸಂಜೆ ಪ್ರಾರ್ಥನೆಯಲ್ಲಿ ಯೆಹೂದಿಗಳಿಗಾಗಿ, ಶಿಬಿರದಲ್ಲಿರೋರಿಗಾಗಿ ಎಲ್ಲರೆದುರು ಪ್ರಾರ್ಥನೆ ಮಾಡ್ತಾ ಬಂದ್ರು. ಸುಮಾರು ಮೂರು ವರ್ಷ ನಡೀತು. ಒಂದು ಸಂಜೆ ಚರ್ಚ್ ನೋಡೋಕೆ ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರು ಅದನ್ನ ಕೇಳಿಸ್ಕೊಂಡು ಹೋಗಿ ದೂರು ಕೊಟ್ರು. ಆ ಅಕ್ಟೋಬರ್‌ನಲ್ಲೇ ಗೆಸ್ಟಾಪೋ ಅವರನ್ನ ಹಿಡ್ಕೊಂಡು ಹೋಯ್ತು, ಎರಡು ವರ್ಷ ಜೈಲಾಯ್ತು, ಜೈಲು ಮುಗಿದ ಮೇಲೆ ಬಿಡದೆ ಡಖಾವ್‌ಗೆ ಸಾಗಿಸ್ತಿದ್ದಾಗ 1943ರ ನವೆಂಬರ್‌ನಲ್ಲಿ ದಾರೀಲೇ ತೀರಿಕೊಂಡ್ರು.