ಹಳೆ ಎಸ್ಟೀಮ್‌ಗೆ ಟರ್ಬೊ ಹಾಕಿಸಬಹುದಾ?

ಘಟ್ಟದಮೇಲಿನವ (ಶಿರಸಿ):
ನಮ್ಮದು 2002ರ ಮಾರುತಿ ಎಸ್ಟೀಮ್, 1.3 ಪೆಟ್ರೋಲ್. ಕುಮಟಾ-ಕಾರವಾರ ಹೆದ್ದಾರಿಯಲ್ಲಿ ಏನೂ ತಕರಾರಿಲ್ಲ. ಆದರೆ ಮನೆಯವರೆಲ್ಲ ಕೂತು ಏಸಿ ಹಾಕಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತದೆ. ಹುಬ್ಬಳ್ಳಿ ಗುಜರಿಯಲ್ಲಿ ಡೀಸೆಲ್ ಸ್ವಿಫ್ಟಿನ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಕಡಿಮೆಗೆ ಸಿಗುತ್ತಿದೆ. ಅದೂ 1.3 ಇಂಜಿನ್ನೇ ಅಲ್ವಾ, ಕೂರುತ್ತದಾ?

ಕಾಳಿಸೇತುವೆ (ಕಾರವಾರ):
ಕೂರಿಸಬಹುದು ಮಾರಾಯ್ರೇ, ಬಾಳಿಕೆಯದೇ ಪ್ರಶ್ನೆ. ಪೆಟ್ರೋಲ್ ಇಂಜಿನ್ನಿನ ಹೊಗೆ ಡೀಸೆಲ್‌ಗಿಂತ ಬಹಳ ಬಿಸಿ, ಜೋರಾಗಿ ಓಡಿಸಿದರೆ 900 ಡಿಗ್ರಿ ಆಸುಪಾಸು ಹೋಗುತ್ತದೆ. ಡೀಸೆಲ್ ಟರ್ಬೊ ಆ ಶಾಖಕ್ಕೆ ಮಾಡಿದ್ದಲ್ಲ.

ಇನ್ನು ಟರ್ಬೊ ಅಂದರೆ ಬರೀ ಆ ಬಸವನಹುಳದಂಥ ಡಬ್ಬಿಯಲ್ಲ. ಅರ್ಧ ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಅರ್ಧ) ಒತ್ತಡ ಹೆಚ್ಚಿಗೆ ಕೊಟ್ಟರೆ ಸುಮಾರು ಒಂದೂವರೆ ಪಟ್ಟು ಗಾಳಿ ಒಳಗೆ ಹೋಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೇಕು, ಅಂದರೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್ ಬೇಕು, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಟ್ಯೂನಿಂಗ್ ಬೇಕು, ಕಿಡಿ ಹೊತ್ತುವ ಸಮಯವನ್ನೂ ತಡ ಮಾಡಬೇಕು. ಇದು ತಪ್ಪಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿದು ಇಂಜಿನ್ ಬಡಿಯುವುದು) ಶುರು, ಪಿಸ್ಟನ್ ತೂತು. ನಿಮ್ಮ ಇಂಜಿನ್ನಿನ ಕಂಪ್ರೆಷನ್ ರೇಷಿಯೋ (ಸಿಲಿಂಡರಿನಲ್ಲಿ ಗಾಳಿ ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಲೆಕ್ಕ) ಈಗಲೇ 9ರ ಮೇಲಿದೆ. ಹಾಗಾಗಿ ಜಾಸ್ತಿ ಒತ್ತಡಕ್ಕೆ ಜಾಗವೇ ಇಲ್ಲ. ಮೇಲಿಂದ ಒತ್ತಿದ ಗಾಳಿ ತಣಿಸುವ ಇಂಟರ್‌ಕೂಲರ್, ಹೊಗೆ ಹೋಗುವ ಬೇರೆ ಮ್ಯಾನಿಫೋಲ್ಡ್, ಆಯಿಲ್ ಬರುವ-ಹೋಗುವ ಪೈಪು, ಗಟ್ಟಿ ಕ್ಲಚ್. ಗುಜರಿಯಲ್ಲಿ ಉಳಿಸಿದ್ದು ಇಲ್ಲೇ ಹೋಗುತ್ತದೆ.

ಅಂಕೋಲಾ_ಹುಡುಗ:
ಕಾನೂನೂ ನೋಡಿ ಸರ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಹದಿನೈದು ವರ್ಷ ದಾಟಿದ ಗಾಡಿ, ಆರ್‌ಸಿ ರಿನ್ಯೂಗೆ ಹೇಗೂ ಆರ್‌ಟಿಓ ಮುಂದೆ ನಿಲ್ಲಿಸಲೇಬೇಕು. ಅಪಘಾತವಾದರೆ ವಿಮೆಯವರೂ ಇದನ್ನೇ ಹಿಡಿದುಕೊಳ್ಳುತ್ತಾರೆ.

ಗ್ಯಾರೇಜ್_ಕುಮಟಾ:
ಟರ್ಬೊ ಆಮೇಲೆ. ಹೊಸದಿದ್ದಾಗ ಈ ಇಂಜಿನ್ನಿಗೆ 85 ಕುದುರೆ ಶಕ್ತಿ, ಗಾಡಿಯೂ ಹಗುರ. ನಾಲ್ಕೈದು ಜನ ಕೂತರೂ ಘಟ್ಟ ಹತ್ತಲೇಬೇಕು. ಎರಡನೇ ಗೇರಿನಲ್ಲಿ ಏದುಸಿರು ಅಂದರೆ ಇದ್ದ ಶಕ್ತಿ ಎಲ್ಲೋ ಸೋರಿದೆ. ಚಡಾವಿನಲ್ಲಿ ಇಂಜಿನ್ ಕೂಗಿದರೂ ಗಾಡಿ ಓಡದಿದ್ದರೆ ಕ್ಲಚ್ ಪ್ಲೇಟ್ ನೋಡಿಸಿ. ಇಲ್ಲದಿದ್ದರೆ ಪೆಟ್ರೋಲ್ ಫಿಲ್ಟರ್, ಪ್ಲಗ್, ಕಟ್ಟಿಕೊಂಡ ಸೈಲೆನ್ಸರ್, ಆಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗೆ ಹುಟ್ಟುವ ಒತ್ತಡ) ಅಳೆಸಿ.

ಘಟ್ಟದಮೇಲಿನವ (ಶಿರಸಿ):
ಇಂಜಿನ್ ಕೂಗುವುದಿಲ್ಲ, ಸುಮ್ನೆ ಸೋಲುತ್ತದೆ. ಕಂಪ್ರೆಷನ್ ಎಷ್ಟಿರಬೇಕು?

ಗ್ಯಾರೇಜ್_ಕುಮಟಾ:
ಅಂಕಿಗಿಂತ ನಾಲ್ಕು ಸಿಲಿಂಡರಿನ ನಡುವಿನ ವ್ಯತ್ಯಾಸ ನೋಡಿ. ಅಳೆಯುವಾಗ ಇಂಜಿನ್ ಬಿಸಿ ಇರಬೇಕು, ಆಕ್ಸಲರೇಟರ್ ಪೂರ್ತಿ ಒತ್ತಿರಬೇಕು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನೊಳಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಏನು ಬಂತು ಅಂತ ಇಲ್ಲೇ ಹಾಕಿ.