ಅಪ್ಪ ಅಮ್ಮ ಆರು ತಿಂಗಳು ಅಮೆರಿಕಕ್ಕೆ, ಫೋನಿಗೆ ಏನು ಮಾಡೋದು?

ಶಿವಮೊಗ್ಗದಿಂದ ಪ್ರಶ್ನೆ:

ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ, ಎರಡನೇ ಹೆರಿಗೆ. ಬಾಣಂತನಕ್ಕೆ ಅಪ್ಪ ಅಮ್ಮ ಅಕ್ಟೋಬರ್ ಕೊನೆಗೆ ಹೊರಡುತ್ತಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರಯಾಣ. ದುಬೈನಲ್ಲಿ ವಿಮಾನ ಬದಲಿಸಬೇಕು. ಅಪ್ಪನ ಹತ್ತಿರ ಎರಡು ಸಿಮ್ ಹಾಕುವ ಆಂಡ್ರಾಯ್ಡ್ ಫೋನ್ ಇದೆ, ಪ್ರೀಪೇಯ್ಡ್. ಅಮ್ಮನದು ಕೀಪ್ಯಾಡ್ ಸೆಟ್. ರೀಚಾರ್ಜ್ ಅಂಗಡಿಯವನು, ಇಲ್ಲಿನ ಸಿಮ್ಮೇ ಅಲ್ಲೂ ನಡೆಯುವ ಹಾಗೆ ರೋಮಿಂಗ್ ಪ್ಯಾಕ್ ಹಾಕಿಸಿ ಅನ್ನುತ್ತಾನೆ. ಭಾವ "ಇಲ್ಲೇ ಹೊಸ ಸಿಮ್ ಕೊಡಿಸ್ತೀನಿ, ಅಲ್ಲಿನದು ತೆಗೆದಿಡಿ" ಅನ್ನುತ್ತಾರೆ. ಯಾರ ಮಾತು ಕೇಳೋದು? ಹೋಗಿ ಬಂದವರು, ಅಪ್ಪ ಅಮ್ಮನನ್ನು ಕಳಿಸಿದವರು ಸ್ವಲ್ಪ ಹೇಳಿ.

ಮೈಸೂರಿನಿಂದ, ನಿವೃತ್ತ ಬ್ಯಾಂಕ್ ನೌಕರ:

ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಹೊಸ ಸಿಮ್ ಬೇಕೇ ಬೇಕು. ಆದರೆ ಇಲ್ಲಿನದನ್ನು ಮಾತ್ರ ತೆಗೆದಿಡಬೇಡಿ. ನಾನು ತೆಗೆದಿಟ್ಟು ಪಟ್ಟ ಪಾಡು ಹೇಳುತ್ತೇನೆ, ಕೇಳಿ.

ಎರಡು ವರ್ಷದ ಹಿಂದೆ ಆಗಸ್ಟ್ ಮೊದಲ ವಾರ ಡಲ್ಲಾಸ್‌ಗೆ ಮಗನ ಮನೆಗೆ ಹೋದೆ. ಇಳಿದ ಮಾರನೇ ದಿನವೇ ಅವನು ಫೋನಿಗೆ ಅಲ್ಲಿನ ಸಿಮ್ ಹಾಕಿಕೊಟ್ಟ. ನಮ್ಮ ಊರಿನ ಸಿಮ್ಮನ್ನು ಕಾಗದದಲ್ಲಿ ಕುಂಕುಮದ ಪೊಟ್ಟಣದ ಥರ ಮಡಚಿ ಪರ್ಸಿನಲ್ಲಿಟ್ಟೆ. ಮೂರು ತಿಂಗಳು ಅದರ ನೆನಪೇ ಆಗಲಿಲ್ಲ. ನವೆಂಬರ್ ಬಂತು. ಪಿಂಚಣಿಯವರಿಗೆ ಗೊತ್ತು, ನವೆಂಬರ್ ಅಂದರೆ ಲೈಫ್ ಸರ್ಟಿಫಿಕೇಟ್, ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಪತ್ರ. ಈಗ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಆಯಿತಲ್ಲ ಅಂತ ಧೈರ್ಯವಾಗಿ ಕೂತೆ. ಮುಖ ತೋರಿಸುವುದಕ್ಕೆ ಮುಂಚೆ ಅದು ಮೊಬೈಲ್‌ಗೆ ಓಟಿಪಿ ಕಳಿಸಿತು. ಯಾವ ಮೊಬೈಲ್‌ಗೆ? ಪೊಟ್ಟಣದಲ್ಲಿ ಮಲಗಿದ್ದ ಸಿಮ್ಮಿಗೆ.

ತೆಗೆದು ಹಾಕಿದೆ. ಸಿಗ್ನಲ್ ಇಲ್ಲ. ಹೊರಡುವಾಗ ಹಾಕಿಸಿದ್ದು 84 ದಿನದ ಪ್ಯಾಕ್, ಅದು ಮುಗಿದು ವಾರದ ಮೇಲಾಗಿತ್ತು. ಇಂಟರ್‌ನ್ಯಾಷನಲ್ ರೋಮಿಂಗ್ ಅಂತೂ ಶುರು ಮಾಡಿಸಿರಲೇ ಇಲ್ಲ. ಶುರು ಮಾಡೋಣ ಅಂತ ಕಂಪನಿಯ ಆ್ಯಪ್ ತೆರೆದರೆ, ಲಾಗಿನ್ ಆಗುವುದಕ್ಕೆ ಅದೇ ನಂಬರಿಗೆ ಓಟಿಪಿ! ಸೇದುವ ಹಗ್ಗ ಬಾವಿಯೊಳಗೇ ಬಿದ್ದ ಹಾಗೆ. ಕೊನೆಗೆ ಮೈಸೂರಿನಲ್ಲಿದ್ದ ಮಗಳು ಅವಳ ಫೋನಿನಿಂದ ನನ್ನ ನಂಬರಿಗೆ ರೀಚಾರ್ಜೂ ಮಾಡಿ ರೋಮಿಂಗ್ ಪ್ಯಾಕೂ ಹಾಕಿದಳು. ಮೂರು ದಿನ ಬಿಟ್ಟು ಸಿಗ್ನಲ್ ಹಿಡಿಯಿತು. ಆ ಮೂರು ದಿನ ನಾನು ಬದುಕಿದ್ದೇನೆ ಅನ್ನುವುದಕ್ಕೆ ಯಾವ ಸಾಕ್ಷಿಯೂ ಇರಲಿಲ್ಲ ನೋಡಿ.

ಹಾಗಾಗಿ ಎರಡು ಸಿಮ್ಮಿಗೂ ಬೇರೆ ಬೇರೆ ಕೆಲಸ ಅಂತ ಲೆಕ್ಕ ಹಾಕಿಕೊಳ್ಳಿ. ಅಲ್ಲಿನ ಸಿಮ್ ಮಾತಿಗೆ, ಇಂಟರ್ನೆಟ್ಟಿಗೆ. ಇಲ್ಲಿನ ಸಿಮ್ ಓಟಿಪಿಗೆ ಮಾತ್ರ. ಎರಡೂ ಒಂದೇ ಫೋನಿನಲ್ಲಿ ಇರಲಿ. ಇಲ್ಲಿನ ಸಿಮ್ಮಿಗೆ ಡೇಟಾ ರೋಮಿಂಗ್ ಆಫ್. ರೋಮಿಂಗ್‌ನಲ್ಲಿದ್ದಾಗ ನನಗೆ ಬಂದ ಎಸ್ಸೆಮ್ಮೆಸ್‌ಗೆ ಒಂದು ಪೈಸೆಯೂ ಹೋಗಲಿಲ್ಲ. ಆದರೆ ರೋಮಿಂಗ್ ಶುರುವಾಗಿರಬೇಕು, ಅದನ್ನು ಹೊರಡುವ ಮುಂಚೆ ಇಲ್ಲಿಂದಲೇ ಮಾಡಿಸಬೇಕು. ಪ್ರೀಪೇಯ್ಡ್‌ಗೆ ಕೆಲವು ಸಲ ಸಣ್ಣದೊಂದು ರೋಮಿಂಗ್ ರೀಚಾರ್ಜ್ ಮಾಡಿಸಿದರಷ್ಟೇ ಅಲ್ಲಿ ಸಿಗ್ನಲ್ ಹಿಡಿಯುತ್ತದೆ, ಕಸ್ಟಮರ್ ಕೇರ್‌ಗೆ ಕೇಳಿಬಿಡಿ. ಮಾಮೂಲಿ ಪ್ಯಾಕ್ 365 ದಿನದ್ದು ಹಾಕಿಸಿ. ಒಂದೇ ಸಲಕ್ಕೆ ದುಡ್ಡು ಜಾಸ್ತಿ ಅನ್ನಿಸಬಹುದು, ನಡುವೆ ತಲೆನೋವು ಇರುವುದಿಲ್ಲ. ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದಲ್ಲಿ 90 ದಿನ ಏನೂ ಬಳಸದೆ ಬಿಟ್ಟ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಬ್ಯಾಲೆನ್ಸ್ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೊಂದು 30 ದಿನ ಉಳಿಸುತ್ತಾರೆ. ನಿಂತುಹೋದ ನಂಬರ್ ಮುಂದೆ ಇನ್ಯಾರಿಗೋ ಸಿಗುತ್ತದೆ. ನಿಮ್ಮ ತಂದೆಯ ಬ್ಯಾಂಕ್ ಖಾತೆಗೆ ಸೇರಿಸಿದ ನಂಬರ್ ಇನ್ಯಾರ ಕೈಗೋ ಹೋಗುವುದು ಸಣ್ಣ ವಿಷಯ ಅಲ್ಲ.

ಇನ್ನೊಂದು. ಶಾಖೆಗೆ ಹೋಗಿ ಖಾತೆಗೆ ಇಮೇಲ್ ಸೇರಿಸಿ ಬನ್ನಿ. ಕೆಲವು ಬ್ಯಾಂಕುಗಳು ಓಟಿಪಿಯನ್ನು ಇಮೇಲ್‌ಗೂ ಕಳಿಸುತ್ತವೆ.

ಎಡಿಸನ್, ನ್ಯೂಜೆರ್ಸಿಯಿಂದ (ಊರು ತೀರ್ಥಹಳ್ಳಿ):

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಈ ಕಡೆಯಿಂದ ಹೇಳುತ್ತೇನೆ. ಅತ್ತೆ ಮಾವ ಎರಡು ಸಲ ಬಂದು ಹೋಗಿದ್ದಾರೆ.

ಮೊದಲು ಅಮ್ಮನ ಕೀಪ್ಯಾಡ್ ಫೋನ್. ಅದನ್ನು ತರಬೇಡಿ. ನಮ್ಮತ್ತೆ "ನನಗೆ ಇದೇ ಅಭ್ಯಾಸ" ಅಂತ ತಂದರು. ನಮ್ಮಲ್ಲಿ 2ಜಿ ಓಡುವುದು 900 ಮತ್ತು 1800 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ, ಅಂದರೆ ಆ ರೇಡಿಯೋ ತರಂಗಗಳ ಮೇಲೆ. ಅಮೆರಿಕದಲ್ಲಿ 850, 1900. ಅಗ್ಗದ ಕೀಪ್ಯಾಡ್ ಸೆಟ್ಟುಗಳಲ್ಲಿ ಬಹುಪಾಲಿಗೆ ನಮ್ಮ ಎರಡೇ ಬ್ಯಾಂಡ್ ಇರುತ್ತವೆ. ಸಾಲದ್ದಕ್ಕೆ ಇಲ್ಲಿ 3ಜಿಯನ್ನೇ 2022ರಲ್ಲಿ ಮುಚ್ಚಿದರು, ಕರೆಗಳು ಈಗ 4ಜಿ, 5ಜಿ ಮೇಲೆ ಹೋಗುತ್ತವೆ. ಪಾಪ, ಅತ್ತೆ ಆರು ತಿಂಗಳು ಅದನ್ನು ಟಾರ್ಚ್ ಮಾಡಿಕೊಂಡಿದ್ದರು. ರಾತ್ರಿ ಮಗು ಎದ್ದರೆ ಆ ಬೆಳಕು ಮೊದಲು ಹೊತ್ತಿಕೊಳ್ಳುತ್ತಿತ್ತು. ಆ ಮಟ್ಟಿಗೆ ಉಪಯೋಗವಾಯಿತು ಅನ್ನಿ.

ಅಪ್ಪನ ಫೋನಿನಲ್ಲೂ ವೋಲ್ಟಿ (VoLTE), ಅಂದರೆ 4ಜಿ ಮೇಲೆ ಕರೆ ಮಾಡುವ ಸೌಲಭ್ಯ, ಇರಲೇಬೇಕು. ಇಂಟರ್ನೆಟ್ ಬರುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ ಅನ್ನುವ ಫಜೀತಿ ಹಳೆಯ ಸೆಟ್ಟುಗಳಲ್ಲಿ ಆಗುತ್ತದೆ. ಭಾವನಿಗೆ ಹೇಳಿ ಫೋನಿನ ಮಾಡೆಲ್ ನಂಬರ್ ಕೊಟ್ಟು ಇಲ್ಲಿನ ಕಂಪನಿಯ ಸೈಟಿನಲ್ಲಿ ಮೊದಲೇ ಚೆಕ್ ಮಾಡಿಸಿ. ಹೊಸ ಸಿಮ್ಮಿಗಿಂತ ಅವರ ಫ್ಯಾಮಿಲಿ ಪ್ಲಾನಿಗೇ ಒಂದು ಲೈನ್ ಸೇರಿಸುವುದು ಸುಲಭ. ನಾವು ಮೊದಲ ಸಲ ಬೇರೆ ಪ್ರೀಪೇಯ್ಡ್ ತೆಗೆದುಕೊಂಡೆವು, ತಿಂಗಳಿಗೆ 15 ಡಾಲರ್. ಅದೂ ಚೆನ್ನಾಗೇ ಇತ್ತು.

ವಾಟ್ಸಾಪ್ ಬಗ್ಗೆ ಎಲ್ಲರೂ ಹೆದರುತ್ತಾರೆ. ಸಿಮ್ ಬದಲಿಸಿದರೂ ವಾಟ್ಸಾಪ್ ಹಳೇ ನಂಬರಿನಲ್ಲೇ ಓಡುತ್ತದೆ. ಹೊಸ ಸಿಮ್ ಹಾಕಿದ ಮೇಲೆ "ನಂಬರ್ ಬದಲಿಸಬೇಕೇ" ಅಂತ ಕೇಳಿದರೆ ಬೇಡ ಅನ್ನಬೇಕು, ಅಷ್ಟೇ. ಮಾವ ಏನೋ ಒತ್ತಿ ಅವರ ಎಲ್ಲ ಗುಂಪುಗಳಿಗೂ ನಂಬರ್ ಬದಲಾಯಿತು ಅಂತ ಸುದ್ದಿ ಹೋಯಿತು. ಊರಿನಿಂದ ಇಪ್ಪತ್ತು ಜನ "ಅಲ್ಲೇ ಸೆಟ್ಲ್ ಆದ್ರಾ?" ಅಂತ ಕೇಳಿದರು.

ಆಮೇಲೆ ನಂಬರುಗಳು. ಅಪ್ಪನ ಫೋನಿನಲ್ಲಿ ಎಲ್ಲವೂ ಬರೀ ಹತ್ತು ಅಂಕಿಯಲ್ಲಿ ಇರುತ್ತವೆ ಅಲ್ವಾ? ಅಲ್ಲಿಂದಲೇ ಕೂತು ಎಲ್ಲದಕ್ಕೂ ಮುಂದೆ +91 ಹಾಕಿ. ಶಿವಮೊಗ್ಗದ ಲ್ಯಾಂಡ್‌ಲೈನ್ 08182 ಇದ್ದರೆ ಸೊನ್ನೆ ತೆಗೆದು +91 8182 ಆಗಬೇಕು. ಇಲ್ಲದಿದ್ದರೆ ಇಲ್ಲಿನ ಸಿಮ್ಮಿನಿಂದ ಡಯಲ್ ಮಾಡಿದಾಗ ಆ ಕಡೆಯಿಂದ ಇಂಗ್ಲಿಷಿನಲ್ಲಿ ಏನೋ ಹೇಳುತ್ತದೆ, ಇವರು ಹಲೋ ಹಲೋ ಅನ್ನುತ್ತಾ ಕೂರುತ್ತಾರೆ.

ಇನ್ನೊಂದು ಮುಖ್ಯ. ಇಮಿಗ್ರೇಷನ್ ಸಾಲಿನಲ್ಲಿ ಫೋನ್ ಬಳಸುವ ಹಾಗಿಲ್ಲ, ಬೋರ್ಡೇ ಹಾಕಿರುತ್ತಾರೆ. ಅಕ್ಕನ ಮನೆ ವಿಳಾಸ, ನಂಬರ್, ವಾಪಸ್ ಟಿಕೆಟ್ ಎಲ್ಲ ಫೋನಿನಲ್ಲಿದೆ ಅಂತ ಬರಬೇಡಿ. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಒಳಗಿಡಿ.

ದುಬೈನಿಂದ:

ಅಪ್ಪ ಅಮ್ಮ ಇಲ್ಲಿ ಇಳಿದ ತಕ್ಷಣ ವಾಟ್ಸಾಪ್ ಕಾಲ್ ಮಾಡ್ತೀನಿ ಅಂತ ಹೇಳಿರುತ್ತಾರೆ. ಕಾಲ್ ಬರುವುದಿಲ್ಲ. ಗಾಬರಿ ಬೀಳಬೇಡಿ. ಯುಎಇಯಲ್ಲಿ ವಾಟ್ಸಾಪ್‌ನ ಕಾಲ್, ವಿಡಿಯೋ ಕಾಲ್ ಎರಡೂ ಬಂದ್. ಮೆಸೇಜು, ವಾಯ್ಸ್ ಮೆಸೇಜು ಹೋಗುತ್ತವೆ. ಏರ್‌ಪೋರ್ಟ್ ವೈಫೈ ಫ್ರೀ. ಮೈಕ್ ಗುರುತು ಒತ್ತಿ ಹಿಡಿದು "ದುಬೈ ಮುಟ್ಟಿದ್ವಿ" ಅಂತ ಹೇಳುವುದನ್ನು ಮನೆಯಲ್ಲೇ ಒಂದೆರಡು ಸಲ ಅಭ್ಯಾಸ ಮಾಡಿಸಿ. ನನ್ನ ಅಮ್ಮ ಮೊದಲ ಸಲ ಬಂದಾಗ ಒಬ್ಬರಿಗೂ ಸುದ್ದಿ ಮುಟ್ಟದೆ ಊರಿನಲ್ಲಿ ದೇವರಿಗೆ ಹರಕೆ ಹೊರುವ ತನಕ ಹೋಗಿತ್ತು.

ಮತ್ತೆ ಪವರ್‌ಬ್ಯಾಂಕ್. ಅದು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್‌ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿದ್ದಾರೆ. ಒಬ್ಬರಿಗೆ ಒಂದೇ, ಅದೂ 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್‌ನದು ಅಂದಾಜು 74 ಆಗುತ್ತದೆ, ತೊಂದರೆ ಇಲ್ಲ.

ಹುಬ್ಬಳ್ಳಿಯಿಂದ:

ವಿಮಾನದಲ್ಲಿ ಏರೋಪ್ಲೇನ್ ಮೋಡ್ ಹಾಕದೆ ಮಲಗಿದರೆ ಏನಾಗುತ್ತದೆ ಅಂತ ನನ್ನ ಬಿಲ್ ನೋಡಿದ್ದರೆ ಗೊತ್ತಾಗುತ್ತಿತ್ತು. ಕೆಲವು ವಿಮಾನಗಳ ಒಳಗೇ ಉಪಗ್ರಹದ ಮೇಲೆ ಓಡುವ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ರೋಮಿಂಗ್ ಆನ್ ಇದ್ದ ಫೋನ್ ತಾನೇ ಅದನ್ನು ಹಿಡಿಯುತ್ತದೆ. ಮಾಮೂಲಿ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸಲಿಲ್ಲ. ನಾನು ನಿದ್ದೆಯಲ್ಲಿದ್ದೆ, ಫೋನ್ ಎಚ್ಚರವಿತ್ತು, ಮದುವೆ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡುತ್ತಿತ್ತು. ಪೋಸ್ಟ್‌ಪೇಯ್ಡ್ ಬೇರೆ. ಕಂಪನಿಯ ಜೊತೆ ಎರಡು ತಿಂಗಳು ಜಗಳ ಆಡಿ ಅರ್ಧ ಬಿಡಿಸಿಕೊಂಡೆ.

ನ್ಯೂಜೆರ್ಸಿಗೆ ಹೋದವರು ನಯಾಗರಾ ನೋಡದೆ ಬರುವುದಿಲ್ಲ. ಅಲ್ಲಿ ನದಿಯ ಆಚೆ ದಡ ಕೆನಡಾ. ನೀವು ಅಮೆರಿಕದ ಕಡೆ ರೈನ್‌ಕೋಟ್ ಹಾಕಿಕೊಂಡು ನಿಂತಿರುತ್ತೀರಿ, ಫೋನ್ ಆಗಲೇ ಕೆನಡಾ ಟವರಿಗೆ ಹೋಗಿರುತ್ತದೆ. "ವೆಲ್‌ಕಮ್ ಟು ಕೆನಡಾ" ಅಂತ ಮೆಸೇಜ್ ಬಂತು ನನಗೆ. ಅಲ್ಲಿ ಇರುವಷ್ಟು ಹೊತ್ತು ಎರಡೂ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇರಲಿ.

ಮಂಗಳೂರಿನಿಂದ:

ಇದು ಅಮೆರಿಕದ ವಿಷಯ ಅಲ್ಲ, ಆದರೂ ಇಲ್ಲಿ ಓದುವ ಬೇರೆಯವರಿಗೆ ಆಗುತ್ತದೆ. ನಾವು ಯುರೋಪ್ ಟೂರ್‌ಗೆ ಪ್ಯಾರಿಸ್‌ನಲ್ಲಿ ಸಿಮ್ ಕೊಂಡೆವು. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ 2017ರ ಜೂನ್‌ನಿಂದ ಒಂದೇ ಸಿಮ್ ಎಲ್ಲ ಕಡೆ ನಡೆಯುತ್ತದೆ, ರೋಮಿಂಗ್‌ಗೆ ಬೇರೆ ದುಡ್ಡಿಲ್ಲ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ! ಎಲ್ಲರೂ ಫೋಟೋ ಕಳಿಸುವುದೇ ಅಲ್ಲಿಂದ. ನಮ್ಮ ಬ್ಯಾಲೆನ್ಸ್ ಇಂಟರ್‌ಲಾಕನ್ ಮುಟ್ಟುವ ಮೊದಲೇ ಖಾಲಿ. ಪ್ಯಾಕೆಟ್ಟಿನ ಮೇಲಿನ ದೇಶಗಳ ಪಟ್ಟಿ ಓದಿ ಕೊಳ್ಳಿ.

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಸಂಶಯ. ಇಲ್ಲಿನ ಸಿಮ್ ಆನ್ ಇದ್ದರೆ ಅದಕ್ಕೆ ಬರುವ ಕಾಲ್‌ಗೆ ದುಡ್ಡು ಹೋಗುವುದಿಲ್ಲವಾ? ಅಮ್ಮನಿಗೆ ಅಕ್ಕ ತನ್ನ ಹಳೇ ಐಫೋನ್ ಕೊಡ್ತೀನಿ ಅನ್ನುತ್ತಿದ್ದಾಳೆ, ಅದಕ್ಕೆ ಇಲ್ಲಿನ ಸಿಮ್ ಹಾಕಬಹುದಾ?

ಎಡಿಸನ್‌ನಿಂದ:

ಐಫೋನ್ ಯಾವುದು ಅಂತ ಕೇಳಿ. ಅಮೆರಿಕದಲ್ಲಿ ಮಾರುವ ಐಫೋನ್ 14ರಿಂದ ಈಚೆಯವುಗಳಲ್ಲಿ ಸಿಮ್ ಹಾಕುವ ತಟ್ಟೆಯೇ ಇಲ್ಲ, ಬರೀ ಇಸಿಮ್, ಅಂದರೆ ಕೈಯಲ್ಲಿ ಹಾಕದೆ ಫೋನಿನೊಳಗೇ ಶುರು ಮಾಡುವ ಸಿಮ್. ಅದಾದರೆ ಇಲ್ಲಿ ಬರುವ ಮುಂಚೆಯೇ ಅಮ್ಮನ ನಂಬರನ್ನು ಇಸಿಮ್ ಮಾಡಿಸಬೇಕು. ಇಲ್ಲಿ ಬಂದ ಮೇಲೆ ಮಾಡಿಸುವುದು ಮತ್ತದೇ ಬಾವಿ ಹಗ್ಗದ ಕಥೆ. 13 ಅಥವಾ ಅದಕ್ಕಿಂತ ಹಳೆಯದಾದರೆ ಮಾಮೂಲಿ ಸಿಮ್ ಹಿಡಿಯುತ್ತದೆ. ಆದರೆ ಇಲ್ಲಿನ ಕಂಪನಿಗೆ ಲಾಕ್ ಆಗಿರಬಾರದು, ಆಗಿದ್ದರೆ ಬೇರೆ ಕಂಪನಿಯ ಸಿಮ್ ಹಿಡಿಯುವುದಿಲ್ಲ, ಅದನ್ನೂ ಕೇಳಿ. ಅಮ್ಮನಿಗೆ ಇಲ್ಲಿನ ತುರ್ತು ನಂಬರ್ 911 ಡಯಲ್ ಮಾಡುವುದನ್ನು ಹೇಳಿಕೊಡುವುದು ಮರೆಯಬೇಡಿ. ಮನೆಯಲ್ಲಿ ಹಗಲೆಲ್ಲ ಬಾಣಂತಿ, ಕೂಸು ಮತ್ತು ಅವರೇ ಇರುತ್ತಾರೆ.

ಮೈಸೂರಿನಿಂದ:

ಕಾಲ್‌ಗೆ ದುಡ್ಡು ಹೋಗುತ್ತದೆ ತಾಯಿ, ಎತ್ತಿದರೆ ಮಾತ್ರ. ಇಲ್ಲಿ ಮಧ್ಯಾಹ್ನ 12 ಗಂಟೆ ಅಂದರೆ ಚಳಿಗಾಲದಲ್ಲಿ ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ ಒಂದೂವರೆ. ಲೋನ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಅನ್ನುವ ಹುಡುಗಿಯರು ಸರಿಯಾಗಿ ಆ ಹೊತ್ತಿಗೇ ಮಾಡುತ್ತಾರೆ. ನಾನು ನಿದ್ದೆಗಣ್ಣಿನಲ್ಲಿ ಒಂದನ್ನು ಎತ್ತಿ, ಮರ್ಯಾದೆಯಾಗಿ "ಬೇಡಮ್ಮ, ನಾನು ಅಮೆರಿಕದಲ್ಲಿದ್ದೀನಿ" ಅಂತ ವಿವರಿಸಿದೆ. ಆ ವಿವರಣೆಗೆ ನೂರರ ಮೇಲೆ ಹೋಯಿತು. ಆ ಸಿಮ್ಮಿಗೆ ಬೇರೆ ರಿಂಗ್‌ಟೋನ್ ಇಡಿ. ಅದು ಬಡಿದುಕೊಂಡರೆ ಸುಮ್ನೆ ಬಿಡಬೇಕು ಅಂತ ಹೇಳಿ. ಬೇಕಾದವರು ವಾಟ್ಸಾಪ್‌ನಲ್ಲಿ ಮಾಡುತ್ತಾರೆ.

ತುಮಕೂರಿನಿಂದ:

ಚಾರ್ಜರ್ ಯಾರೂ ಹೇಳಲಿಲ್ಲ. ಅಲ್ಲಿ ಕರೆಂಟು 120 ವೋಲ್ಟ್, ಪಿನ್ನು ಚಪ್ಪಟೆ. ಚಾರ್ಜರ್ ಮೇಲೆ ಸಣ್ಣಕ್ಷರದಲ್ಲಿ 100-240 ಅಂತ ಇದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಮಿಕ್ಸಿ ಒಯ್ಯುವ ಆಸೆ ಇದ್ದರೆ ಮಾತ್ರ ಬಿಡಿಸಿ.

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವಳು:

ಅಪ್ಪನ ಸಿಮ್ಮಿಗೆ ವರ್ಷದ ಪ್ಯಾಕ್ ಹಾಕಿಸಿದೆ, ರೋಮಿಂಗ್ ಶುರು ಮಾಡಿಸಿದೆ. ಭಾನುವಾರ ಕೂತು ಇನ್ನೂರ ಹನ್ನೊಂದು ನಂಬರಿಗೆ +91 ಹಾಕಿದೆವು. ಅದರಲ್ಲಿ ಮೂರು ಜನ ಈಗಿಲ್ಲ ಅಂತ ಅಪ್ಪ ಹೇಳಿದರು, ಆದರೂ ಅಳಿಸಲು ಬಿಡಲಿಲ್ಲ. ಅಕ್ಕನ ಐಫೋನ್ 12 ಅಂತೆ, ಲಾಕ್ ಇಲ್ಲವಂತೆ. ಹಾಗಾದರೆ ಅಮ್ಮನ ಸಿಮ್ಮೂ ಹೋಗಲಿ ಅಂತ ಕೀಪ್ಯಾಡ್ ಸೆಟ್ಟಿನಿಂದ ತೆಗೆಯುತ್ತಿದ್ದೆ. ಅಡುಗೆಮನೆಯಿಂದ ಅಮ್ಮ ಕೂಗಿದರು, "ಏಯ್, ಗ್ಯಾಸ್ ಬುಕ್ ಮಾಡೋದು ಅದೇ ನಂಬರಿಂದ ಕಣೇ, ನೀನಿಲ್ಲಿ ಅನ್ನ ಹೆಂಗೆ ಬೇಯಿಸ್ಕೋತೀಯ?" ವಾಪಸ್ ಹಾಕಿದ್ದೇನೆ. ಆ ಸೆಟ್ಟು ಆರು ತಿಂಗಳು ನನ್ನ ಹತ್ತಿರವೇ ಇರುತ್ತದೆ.