ಶಿರಸಿಯಲ್ಲಿ ಇಟ್ಟುಕೊಳ್ಳಲು ಯಾವ ಹಳೆಯ ಸ್ಪೋರ್ಟ್ಸ್ ಕಾರು: ನಿಸ್ಸಾನ್ 370ಝಡ್ ಅಥವಾ ಬಿಎಂಡಬ್ಲ್ಯು ಝಡ್4?

ಪ್ರಶ್ನೆ (ಶಿರಸಿಯಿಂದ):
ನಮಸ್ಕಾರ ಸರ್. ಬೆಂಗಳೂರಿನಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಕಾರುಗಳನ್ನು ನೋಡಿ ಬಂದಿದ್ದೇನೆ. ಒಂದು 2012ರ ನಿಸ್ಸಾನ್ 370ಝಡ್, ಮ್ಯಾನುವಲ್ ಗೇರಿನದು. ಇನ್ನೊಂದು 2013ರ ಬಿಎಂಡಬ್ಲ್ಯು ಝಡ್4 35ಐ. ಬೆಲೆಯಲ್ಲಿ ಹೆಚ್ಚಿನ ಅಂತರವಿಲ್ಲ. ಶಿರಸಿಯಲ್ಲಿಯೇ ಇಟ್ಟುಕೊಂಡು, ರಜೆಯ ದಿನಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣದ ಕಡೆಗೆ ಓಡಿಸಬೇಕೆಂಬ ಆಸೆ. ಜಪಾನಿನ ಗಾಡಿ ಕೆಡುವುದಿಲ್ಲ, ಜರ್ಮನ್ ಗಾಡಿ ಕೈ ಸುಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ?

ಉತ್ತರ (ಆಟೊಮೊಬೈಲ್ ಎಂಜಿನಿಯರ್, ಕಾರವಾರ):
ಹೆಗಡೆಯವರೇ, ಎಂಜಿನ್ನಿನ ಮಟ್ಟಿಗೆ ಆ ಮಾತು ಬಹುಪಾಲು ನಿಜ. 370ಝಡ್‌ನಲ್ಲಿರುವುದು 3.7 ಲೀಟರಿನ ವಿ6, ಅಂದರೆ ಆರು ಸಿಲಿಂಡರಿನ ಎಂಜಿನ್. ಅದಕ್ಕೆ ಟರ್ಬೊ ಇಲ್ಲ, ಪೆಟ್ರೋಲ್ ಇನ್‌ಟೇಕ್ ಪೋರ್ಟಿನಲ್ಲಿಯೇ ಸಿಂಪಡಣೆಯಾಗುತ್ತದೆ, ಆದ್ದರಿಂದ ಕೆಡಬಹುದಾದ ಭಾಗಗಳೇ ಕಡಿಮೆ. ಝಡ್4 35ಐಯ ಎನ್54 ಎಂಜಿನ್ ಎರಡು ಟರ್ಬೊಗಳದ್ದು, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವಂಥದ್ದು. ಓಡಿಸಲು ಅದರಷ್ಟು ಸೊಗಸಾದ ಎಂಜಿನ್ ಅಪರೂಪ, ಆದರೆ ಅದರ ಹೈ ಪ್ರೆಶರ್ ಫ್ಯುಯೆಲ್ ಪಂಪಿನ ದೋಷಕ್ಕಾಗಿ 2010ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಸಂಸ್ಥೆ ವಾಪಸ್ ಕರೆಸಬೇಕಾಯಿತು. ವಿದ್ಯುತ್ತಿನಿಂದ ನಡೆಯುವ ವಾಟರ್ ಪಂಪ್ ಮುನ್ಸೂಚನೆ ಕೊಡದೆ ನಿಲ್ಲುತ್ತದೆ. ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್, ಅಂದರೆ ಎರಡು ಭಾಗಗಳ ಸಂದಿಯನ್ನು ಮುಚ್ಚುವ ಪಟ್ಟಿ, ಸೋರುತ್ತದೆ. ವಾಲ್ವುಗಳ ಮೇಲೆ ಇಂಗಾಲದ ಪದರ ಕೂರುವುದರಿಂದ ಆಗಾಗ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಲ್ಲಿ ಹಾಯಿಸಿ ಅದನ್ನು ಕೆರೆಯಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಬೇಕಾದ ಸಲಕರಣೆ ಸಿಗುವುದು ಕಷ್ಟ.

ಹಾಗೆಂದು ಜಪಾನಿನ ಗಾಡಿ ಕೆಡುವುದೇ ಇಲ್ಲ ಎಂದು ಹಣ ಕೊಟ್ಟುಬಿಡಬೇಡಿ. 2012ರ ಆಸುಪಾಸಿನ 370ಝಡ್‌ಗೆ ಎರಡು ಹೆಸರಾಂತ ದೌರ್ಬಲ್ಯಗಳಿವೆ. ಎಂಜಿನ್ನಿನ ಮುಂಭಾಗದ ಟೈಮಿಂಗ್ ಕವರಿನ ಹಿಂದೆ ಆಯಿಲ್ ಹರಿಯುವ ಗ್ಯಾಲರಿಗೆ ಮೊದಲು ಕಾಗದದ ಗ್ಯಾಸ್ಕೆಟ್ ಹಾಕುತ್ತಿದ್ದರು. ಅದು ಹರಿದರೆ ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಒತ್ತಡ ಕುಸಿಯುತ್ತದೆ. ಹೊರಗೆ ಒಂದು ಹನಿಯೂ ಸೋರದ ಕಾರಣ ಮಾಲೀಕರಿಗೆ ಇದು ತಿಳಿಯುವುದೇ ಇಲ್ಲ. ಈಗ ಲೋಹದ ಗ್ಯಾಸ್ಕೆಟ್ ಬಂದಿದೆ, ಆದರೆ ಅದನ್ನು ಕೂರಿಸಲು ಎಂಜಿನ್ನಿನ ಮುಂಭಾಗವನ್ನೆಲ್ಲ ಬಿಚ್ಚಬೇಕು. ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಮೆಕ್ಯಾನಿಕಲ್ ಗೇಜ್ ಹಾಕಿಸಿ ಒತ್ತಡ ಅಳೆಸಿ. ಸ್ಕ್ಯಾನರಿನಲ್ಲಿ ವಾಲ್ವ್ ಟೈಮಿಂಗ್ ತಪ್ಪಿದೆ ಎಂದು ಹೇಳುವ ಪಿ0011, ಪಿ0021 ಕೋಡುಗಳು ಕಾಣುತ್ತವೆಯೇ ನೋಡಿಸಿ. ಎರಡನೆಯದು ಕ್ಲಚ್ಚಿನ ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಭಾಗ. ಅದು ಗೇರ್ ಬಾಕ್ಸಿನ ಒಳಗೇ ಕೂತಿರುವ ಪ್ಲಾಸ್ಟಿಕ್ ಒಡಲಿನ ಭಾಗ; ಸೋತರೆ ಪೆಡಲ್ ನೆಲಕ್ಕೆ ಅಂಟಿಕೊಳ್ಳುತ್ತದೆ, ಬದಲಿಸಲು ಗೇರ್ ಬಾಕ್ಸ್ ಇಳಿಸಲೇಬೇಕು. ಬಾನೆಟ್ ಎತ್ತಿ ಕ್ಲಚ್ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆರೆಯಿರಿ: ದ್ರವ ತಿಳಿಯಾಗಿ, ನಸು ಹಳದಿಯಾಗಿರಬೇಕು. ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಹಿಡಿದೇ ಮಾತಾಡಿ.

ಇನ್ನು ಬಿಡಿಭಾಗದ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ. ಜಪಾನಿನ ಕಾರಿಗೆ ಸಿಕ್ಕಿರುವ ಒಳ್ಳೆಯ ಹೆಸರು, ಬಿಡಿಭಾಗ ಮರುದಿನವೇ ಕೈಗೆ ಸಿಗುವ ದೇಶಗಳಲ್ಲಿ ಗಳಿಸಿದ್ದು. 370ಝಡ್ ನಮ್ಮ ದೇಶದಲ್ಲಿ ಮಾರಾಟವಾದದ್ದೇ ಕಡಿಮೆ, 2020ರಲ್ಲಿ ಅದರ ತಯಾರಿಕೆಯೂ ನಿಂತಿತು. ಸಣ್ಣದೊಂದು ಸೆನ್ಸರಿಗೂ ವಾರಗಟ್ಟಲೆ ಕಾಯಬೇಕಾಗಬಹುದು. ಝಡ್4 ಹೆಚ್ಚು ಸಲ ಕೆಡುತ್ತದೆ, ಆದರೆ ಬಿಎಂಡಬ್ಲ್ಯು ಅಧಿಕೃತ ಜಾಲದ ಮೂಲಕ ಭಾಗ ತರಿಸಿಕೊಳ್ಳುವ ದಾರಿ ಇದೆ, ದುಬಾರಿಯಾದರೂ. ಭಟ್ಕಳ, ಹೊನ್ನಾವರದ ಎಷ್ಟೋ ಮನೆಯವರಂತೆ ನಿಮಗೂ ದುಬೈಯಲ್ಲಿ ಯಾರಾದರೂ ಇದ್ದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಅಲ್ಲಿ ಈ ನಿಸ್ಸಾನ್ ಸಾಮಾನ್ಯ ಕಾರು.

ಮೇಲಿನ ಎರಡು ಪರೀಕ್ಷೆಗಳಲ್ಲಿ ಗೆದ್ದರೆ ನಿಸ್ಸಾನನ್ನೇ ತೆಗೆದುಕೊಳ್ಳಿ, ಸ್ಲೇವ್ ಸಿಲಿಂಡರ್ ಒಂದನ್ನು ಮೊದಲೇ ತರಿಸಿ ಮನೆಯಲ್ಲಿಡಿ. ನೀವು ಬೆಂಗಳೂರಿನಲ್ಲಿದ್ದಿದ್ದರೆ ಝಡ್4 ಬೇಡವೆನ್ನುತ್ತಿರಲಿಲ್ಲ. ಘಟ್ಟದ ನಡುವೆ ಟೈರ್ ಹೋದರೆ ಹಾಕಲು ಅದರಲ್ಲಿ ಸ್ಟೆಪ್ನಿಯೂ ಇರುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ (ಕಾರವಾರದಿಂದ):
ಸರ್, ನಮ್ಮ ಮನೆ ಬೈತಖೋಲದ ಹತ್ತಿರ. ಉಪ್ಪುಗಾಳಿಗೆ ಇವುಗಳಲ್ಲಿ ಯಾವುದು ತಡೆಯುತ್ತದೆ? ಮಳೆಗಾಲದಲ್ಲಿ ನಿಲ್ಲಿಸಿಯೇ ಇಟ್ಟರೆ ಏನಾಗುತ್ತದೆ?

ಉತ್ತರ:
ನಾಯ್ಕರೇ, ಎರಡರ ಬಾನೆಟ್ಟೂ ಅಲ್ಯೂಮಿನಿಯಂ, ಆದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ. ಉಪ್ಪು ತಿನ್ನುವುದು ಅಡಿಭಾಗದ ಬೋಲ್ಟುಗಳನ್ನು, ಬ್ರೇಕ್ ಡಿಸ್ಕುಗಳನ್ನು, ಚಕ್ರದ ಬಳಿಯ ಸೆನ್ಸರ್ ಕನೆಕ್ಟರುಗಳನ್ನು. ಝಡ್4ನ ಮಡಚುವ ಛಾವಣಿಯ ಸುತ್ತ ನೀರು ಹರಿದುಹೋಗುವ ರಂಧ್ರಗಳಿವೆ. ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗಿನ ವೈರಿಂಗಿಗೆ ಇಳಿಯುತ್ತದೆ, ಆದ್ದರಿಂದ ಜೂನ್‌ಗೆ ಮೊದಲು ಅವನ್ನು ಶುಚಿ ಮಾಡಿಸಲೇಬೇಕು. ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟಿಗೆ ಕೊಡಿ. ಇಲ್ಲವಾದರೆ ಬ್ರೇಕ್ ಅಂಟಿಕೊಳ್ಳಬಹುದು.

ಪೆಟ್ರೋಲಿನ ಬಗ್ಗೆ ಇನ್ನೂ ಎಚ್ಚರ ಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತದ್ದು. ಈ ಎರಡೂ ಕಾರುಗಳು ರೂಪುಗೊಂಡದ್ದು ಶೇ 10ರ ಕಾಲದಲ್ಲಿ. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಹೋಸುಗಳನ್ನು ಸವೆಸುತ್ತದೆ. ಅದೇ ಪೆಟ್ರೋಲನ್ನು ನಾಲ್ಕು ತಿಂಗಳು ಟ್ಯಾಂಕಿನಲ್ಲಿ ಬಿಡುವುದಕ್ಕಿಂತ, ಮಳೆ ಬಿಡುವು ಕೊಟ್ಟಾಗಲೆಲ್ಲ ಗಾಡಿಯನ್ನು ಅಂಕೋಲಾದವರೆಗೆ ಓಡಿಸಿ ತಂದು, ಹೊಸದಾಗಿ ತುಂಬಿಸುವುದು ಒಳ್ಳೆಯದು.

ಪ್ರಶ್ನೆ (ಶಿರಸಿಯಿಂದ):
ತುಂಬಾ ಉಪಕಾರವಾಯಿತು ಸರ್. ನಿಸ್ಸಾನ್ ಮಹಾರಾಷ್ಟ್ರದ ನೋಂದಣಿಯದು. ಅದರಿಂದ ತೊಂದರೆ ಇದೆಯೇ?

ಉತ್ತರ:
ತೊಂದರೆಯಿಲ್ಲ, ಖರ್ಚಿದೆ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಬರಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು, ಆಮೇಲೆ ಶಿರಸಿಯಲ್ಲಿ ಕೆಎ-31 ನಂಬರ್ ಸಿಗುತ್ತದೆ. ಗಾಡಿ 2012ರಲ್ಲಿ ನೋಂದಣಿಯಾಗಿದ್ದರೆ 2027ಕ್ಕೆ 15 ವರ್ಷ ತುಂಬುತ್ತದೆ. ಆಗ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಆರ್‌ಸಿ ನವೀಕರಿಸಬೇಕು. ಮುಂಗಡ ಕೊಡುವ ಮೊದಲೇ ಈ ಲೆಕ್ಕವನ್ನು ಶಿರಸಿ ಆರ್‌ಟಿಒದಲ್ಲಿ ಕೇಳಿ ತಿಳಿದುಕೊಳ್ಳಿ, ಎನ್‌ಒಸಿ ತರಿಸಿಕೊಡುವ ಹೊಣೆ ಮಾರುವವರದ್ದೇ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ.